ನೀವು ಅವರಿಗೆ ಏನಾಗಬೇಕು

ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ತೀವ್ರ ನಿಗಾ ಘಟಕದ ಗಾಜಿನ ಬಾಗಿಲಿನ ಎದುರಿಗೆ, ಗೋಡೆಗೆ ತಾಗಿಸಿ ಒಂದು ಕಬ್ಬಿಣದ ಬೆಂಚು ಹಾಕಿದ್ದರು. ಕೂತು ಎದ್ದವರ ಬಟ್ಟೆ ಉಜ್ಜಿ ಉಜ್ಜಿ ಅದರ ಹಸಿರು ಬಣ್ಣ ನಡುವೆ ಮಾಸಿಹೋಗಿತ್ತು. ಬಾಗಿಲ ಕಡೆಯ ತುದಿಯಲ್ಲಿ ಒಬ್ಬರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಮೂಗಿನ ಮೇಲೆ ಒಂದು ಕನ್ನಡಕ, ಅಂಗಿಯ ಜೇಬಿನಲ್ಲಿ ಇನ್ನೊಂದು. ಗಾಜಿನ ಬಾಗಿಲು ತೆರೆದಾಗಲೆಲ್ಲ ಅವರು ಎದ್ದು ನಿಲ್ಲುತ್ತಿದ್ದರು, ಮುಚ್ಚಿದ ಮೇಲೆ ಕೂರುತ್ತಿದ್ದರು. ಇಷ್ಟು ವರ್ಷಗಳ ಮೇಲೂ ಆ ಮೂರು ದಿನಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಏಳುವುದು, ಆ ಕೂರುವುದು.

ನಾನು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಾಗ ಸಂಜೆ ಐದಾಗಿತ್ತು. ಅವರು ನನ್ನ ಕಡೆಗೇ ಎರಡು ಹೆಜ್ಜೆ ಬಂದರು.

"ನೀವು ಮೌಳಿ ಅಕ್ಕ ಅಲ್ವಾ? ಬೇಗ ಒಳಗೆ ಹೋಗಿ. ನಿಮಗೋಸ್ಕರಾನೇ ಕಾಯ್ತಿದಾರೆ."

ಅವರ ಹೆಸರು ಧರಣೇಂದ್ರ. ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವರು. ನನ್ನ ತಮ್ಮ ಚಂದ್ರಮೌಳಿಯ ಜೊತೆ ಒಂದೇ ಮನೆಯಲ್ಲಿ ಇಪ್ಪತ್ಮೂರು ವರ್ಷ ಬಾಳಿದವರು. ಅಷ್ಟು ವರ್ಷಗಳಲ್ಲಿ ನಾನು ಅವರನ್ನು ನೋಡಿದ್ದು ಅದು ಎರಡನೆಯ ಸಲ. ಮೊದಲನೆಯ ಸಲದ ಬಗ್ಗೆ ಆಮೇಲೆ ಹೇಳುತ್ತೇನೆ. ಹೇಳದೆ ಬಿಟ್ಟರೆ ಈ ಕತೆಯನ್ನು ಬರೆಯುವುದಕ್ಕೆ ಅರ್ಥವಿಲ್ಲ.

ಮೌಳಿ ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ, ಕಪ್ಪುಹಲಗೆಯ ಮೇಲೆ ಹೂಜಿಯ ಚಿತ್ರ ಬರೆಯುತ್ತಿದ್ದಾಗ, ಕುಸಿದು ಬಿದ್ದಿದ್ದ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಶಾಲೆಯವರು ಮೊದಲು ಹೇಳಿ ಕಳಿಸಿದ್ದು ಧರಣೇಂದ್ರರಿಗೇ, ಏಕೆಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅದು: ಡ್ರಾಯಿಂಗ್ ಮೇಷ್ಟ್ರಿಗೆ ಏನಾದರೂ ಆದರೆ ಕನ್ನಡಕದ ಅಂಗಡಿಗೆ ಹೇಳಬೇಕು. ಅವರು ಅಂಗಡಿಯನ್ನು ತೆರೆದದ್ದು ತೆರೆದ ಹಾಗೇ ಬಿಟ್ಟು ಓಡಿದ್ದರು. ಅರ್ಧ ಗಂಟೆಯಲ್ಲಿ ಮೌಳಿಯನ್ನು ಆಸ್ಪತ್ರೆಗೆ ತಂದಿದ್ದರು. ಕೂಡಲೇ ತಲೆ ತೆರೆದು ರಕ್ತ ತೆಗೆಯಬೇಕು ಎಂದರು ಡಾಕ್ಟರು. ಧರಣೇಂದ್ರ ಪೆನ್ನು ತೆಗೆದರು.

"ನೀವು ಅವರಿಗೆ ಏನಾಗಬೇಕು?"

"ಜೊತೆಗಿರೋನು. ಇಪ್ಪತ್ಮೂರು ವರ್ಷದಿಂದ."

"ಅಂದ್ರೆ ರೂಮ್‌ಮೇಟಾ?"

"ಮನೆಯವನು" ಎಂದಿದ್ದರಂತೆ ಅವರು. ಕೌಂಟರಿನಲ್ಲಿದ್ದ ಹುಡುಗಿ ಆ ಮಾತನ್ನು ಹೇಗೆ ಬರೆದುಕೊಳ್ಳುವುದೆಂದು ತಿಳಿಯದೆ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಸ್ನೇಹಿತರು ಸಹಿ ಹಾಕುವ ಹಾಗಿಲ್ಲ, ರಕ್ತಸಂಬಂಧಿಗಳನ್ನು ಕರೆಸಿ ಎಂದಳು. ಆಗ ನನಗೆ ಫೋನ್ ಬಂತು. ನಮ್ಮೂರಿಂದ ಅಲ್ಲಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ. ಆ ನಾಲ್ಕು ಗಂಟೆ ನನ್ನ ತಮ್ಮನ ತಲೆಯೊಳಗೆ ರಕ್ತ ಸೋರುತ್ತಲೇ ಇತ್ತು. ಅಂಥ ಹೊತ್ತಿನಲ್ಲಿ ಡಾಕ್ಟರು ಯಾರ ಸಹಿಗೂ ಕಾಯಬೇಕಿಲ್ಲ, ತಾವೇ ಮುಂದುವರಿಯಬಹುದು ಎಂದು ಆಮೇಲೆ ಒಬ್ಬ ವಕೀಲರು ನನಗೆ ಹೇಳಿದರು. ಅವತ್ತು ಯಾರೂ ಆ ಧೈರ್ಯ ಮಾಡಲಿಲ್ಲ. ಬೆಂಚಿನ ಮೇಲೆ ಕೂತವರು ಗಂಡನೋ ಹೆಂಡತಿಯೋ ಆಗಿದ್ದರೆ ಧೈರ್ಯದ ಮಾತೇ ಏಳುತ್ತಿರಲಿಲ್ಲ.

ನನ್ನನ್ನೂ ಅದನ್ನೇ ಕೇಳಿದರು. "ಪೇಷಂಟಿಗೆ ಏನಾಗಬೇಕು ನೀವು?"

"ಅಕ್ಕ."

"ಸ್ವಂತ ಅಕ್ಕಾನಾ?"

"ಹೌದು."

"ಸರಿ. ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ."

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಜನರ ಸಹಿ ಹೋಲಿಸಿ ನೋಡಿದವಳು. ನಮೂನೆಯ ಸಹಿಗೂ ಮುಂದಿರುವ ಸಹಿಗೂ ಒಂದು ಸುಳಿ ವ್ಯತ್ಯಾಸವಾದರೂ ವಾಪಸು ಕಳಿಸಿದವಳು. ಅವತ್ತು ನಾನು ಅವನ ಅಕ್ಕನೇ ಎಂಬುದಕ್ಕೆ ಯಾರೂ ಒಂದು ಚೀಟಿ ಕೇಳಲಿಲ್ಲ. ಅಕ್ಕ ಎಂದೆ, ಸಾಕಾಯಿತು.

ಆಮೇಲೆ ಡಾಕ್ಟರು ಕೇಳತೊಡಗಿದರು. ಬಿ.ಪಿ. ಎಷ್ಟು ವರ್ಷದಿಂದ ಇದೆ? ಯಾವ ಮಾತ್ರೆ? ರಕ್ತ ತೆಳುವಾಗುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೇ? ಯಾವುದಾದರೂ ಔಷಧಿ ಮೈಗೆ ಆಗುವುದಿಲ್ಲವೇ? ನನಗೆ ಒಂದೂ ಗೊತ್ತಿರಲಿಲ್ಲ. ನನ್ನ ತಮ್ಮನಿಗೆ ಬಿ.ಪಿ. ಇದೆಯೆಂಬುದೇ ಗೊತ್ತಿರಲಿಲ್ಲ. ನಾನು ಬಾಗಿಲು ತೆರೆದು ಹೊರಗೆ ಬರುತ್ತಿದ್ದೆ. ಧರಣೇಂದ್ರ ಎದ್ದು ನಿಲ್ಲುತ್ತಿದ್ದರು. ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು, ನಾನು ಮತ್ತೆ ಒಳಗೆ ಹೋಗಿ ಒಪ್ಪಿಸುತ್ತಿದ್ದೆ. ಮೂರನೆಯ ಸಲ ಮಾತ್ರೆಯ ಹೆಸರನ್ನು ತಪ್ಪು ಹೇಳಿದೆ.

"ಸರಿಯಾಗಿ ಗೊತ್ತಿರೋರು ಯಾರೂ ಇಲ್ವಾಮ್ಮ ನಿಮ್ಮನೇಲಿ?" ಎಂದು ಡಾಕ್ಟರು ಬೇಸರಪಟ್ಟುಕೊಂಡರು.

"ಇದಾರೆ. ಹೊರಗಡೆ ಬೆಂಚಿನ ಮೇಲೆ ಕೂರಿಸಿದೀರ" ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಅದು ನನ್ನ ಕೈಲಿಲ್ಲ, ಆಫೀಸಿನವರ ರೂಲು" ಎಂದು ಕಡತದ ಕಡೆಗೆ ತಿರುಗಿದರು.

ಶಸ್ತ್ರಚಿಕಿತ್ಸೆ ನಡೆಯಿತು. ತಡವಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇನ್ನು ಎರಡು ದಿನ ಕಳೆಯಬೇಕು ಎಂದರು.

ನಮ್ಮ ಮನೆಯಲ್ಲಿ ನಾವು ಮೂವರು. ಹಿರಿಯವನು ಗಂಗಾಧರಣ್ಣ, ನಡುವೆ ನಾನು, ಕಿರಿಯವನು ಮೌಳಿ. ಮೌಳಿಗೆ ಇಪ್ಪತ್ತೇಳಾಗಿದ್ದಾಗ ಹೆಣ್ಣು ನೋಡಲು ಹೋಗುವ ದಿನ ಬೆಳಿಗ್ಗೆ ಅಪ್ಪನ ಮುಂದೆ ಕೂತು, ತನಗೆ ಹೆಣ್ಣಿನ ಜೊತೆ ಬಾಳುವುದಾಗದು, ತಾನು ಒಬ್ಬರನ್ನು ಮೆಚ್ಚಿದ್ದೇನೆ, ಅವರು ಗಂಡಸು ಎಂದು ಹೇಳಿದ್ದ. ಅಪ್ಪ ಎದ್ದು ಒಳಗೆ ಹೋದರು. ಗಂಗಾಧರಣ್ಣ ಕೈ ಎತ್ತಿದ. ಮೌಳಿ ಅದೇ ದಿನ ಹೊರಟ. ಅಲ್ಲಿಂದ ಮುಂದೆ ಕೇಳಿದವರಿಗೆಲ್ಲ ನಾವು ಒಂದೇ ಉತ್ತರ ಕೊಟ್ಟೆವು: "ಅವನಿಗೆ ಚಿತ್ರದ ಹುಚ್ಚು, ಮದುವೆ ಬೇಡ ಅಂತಾನೆ." ಹಬ್ಬಕ್ಕೆ ಫೋನ್ ಮಾಡುತ್ತಿದ್ದ. ನಾನು ಊಟ ಆಯಿತಾ ಎಂದು ಕೇಳುತ್ತಿದ್ದೆ. ಯಾರು ಅಡುಗೆ ಮಾಡಿದರು ಎಂದು ಒಂದು ದಿನವೂ ಕೇಳಲಿಲ್ಲ.

ನಾನು ಕೇಳದ ಆ ಪ್ರಶ್ನೆಗೆ ಉತ್ತರವನ್ನು ಧರಣೇಂದ್ರ ಎರಡನೆಯ ದಿನ ಆ ಬೆಂಚಿನ ಮೇಲೆ ಕೂತು ನನಗೆ ಕೊಟ್ಟರು. ಅಡುಗೆ ಅವರದೇ. ಮೌಳಿಗೆ ಸಾರಿನಲ್ಲಿ ಹುಳಿ ಮುಂದಿರಬೇಕು, ಅವರಿಗೆ ಉಪ್ಪು. ಅದಕ್ಕೆ ವಾರಕ್ಕೊಂದು ಜಗಳ. ಅವರಿಬ್ಬರ ಪರಿಚಯವಾದದ್ದು ಅಂಗಡಿಯಲ್ಲಿ. ಮೌಳಿ ಕನ್ನಡಕ ಮಾಡಿಸಿಕೊಂಡು ಹೋಗಿ ಎರಡು ತಿಂಗಳಲ್ಲಿ ನಾಲ್ಕು ಸಲ ಅದರ ಕಡ್ಡಿ ಮುರಿದುಕೊಂಡು ಬಂದಿದ್ದನಂತೆ.

"ನಾಲ್ಕನೇ ಸಲ ನನಗೇ ಡೌಟು ಬಂತು. ಕಡ್ಡಿ ಅಷ್ಟು ಸುಲಭಕ್ಕೆ ಮುರಿಯಲ್ಲ, ಬೇಕಂತಲೇ ಮುರೀತಿದೀರ ಅಂದೆ. ಹೌದು ಅಂದ್ಬಿಟ್ಟ" ಎಂದು ನಕ್ಕರು. ಆ ನಗುವನ್ನು ಅರ್ಧಕ್ಕೇ ನಿಲ್ಲಿಸಿ, ಜೇಬಿನಲ್ಲಿದ್ದ ಕನ್ನಡಕವನ್ನು ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಜೇಬಿಗೆ ಹಾಕಿಕೊಂಡರು. "ಎಚ್ಚರ ಆದ್ರೆ ಮೊದಲು ಇದನ್ನ ಕೇಳ್ತಾನೆ. ಇದಿಲ್ದೆ ಅವನಿಗೆ ಎದುರಿಗಿರೋರ ಮುಖ ಕಾಣಲ್ಲ."

ಒಳಗೆ ಹೋಗಲು ಒಂದೇ ಪಾಸು. ಅದರ ಮೇಲೆ ನನ್ನ ಹೆಸರಿತ್ತು. ನಾನು ಅದನ್ನು ಅವರ ಕೈಗಿಟ್ಟೆ. ಬಾಗಿಲ ಕಾವಲಿನವನು ಹೆಸರು ನೋಡಿ ಹಿಂದಕ್ಕೆ ಕಳಿಸಿದ. ನಾನು ಕೆಳಗಿಳಿದು ಆಡಳಿತಾಧಿಕಾರಿಯ ಕೋಣೆಗೆ ಹೋದೆ. ಆಕೆ ನನ್ನ ವಯಸ್ಸಿನವರೇ. ಕೂರಲು ಹೇಳಿದರು, ನೀರು ತರಿಸಿದರು. ಕೆಟ್ಟವರು ಎನ್ನಲಾರೆ, ಅದೇ ನನಗೆ ಹೆಚ್ಚು ಉರಿದದ್ದು.

"ನೋಡೀಮ್ಮ, ನನಗೆ ಅರ್ಥ ಆಗುತ್ತೆ. ಆದ್ರೆ ನಾಳೆ ಏನಾದ್ರೂ ಹೆಚ್ಚುಕಮ್ಮಿ ಆಗಿ, ಆ ಮನುಷ್ಯ ಯಾರು, ಯಾಕೆ ಒಳಗೆ ಬಿಟ್ರಿ ಅಂತ ನಿಮ್ಮ ಮನೆಯೋರೇ ಕೇಸ್ ಹಾಕಿದ್ರೆ? ಕಾನೂನಲ್ಲಿ ಅವರು ಯಾರೂ ಅಲ್ಲ."

"ಮೇಡಂ, ಅವರಿಬ್ಬರೂ ಜೊತೆಗಿರೋದು ಅಪರಾಧ ಅಲ್ಲ ಅಂತ ಕಾನೂನೇ ಹೇಳಿದೆ."

"ಅಪರಾಧ ಅಲ್ಲ ಅಂತ ಹೇಳಿದೆ. ಸಂಬಂಧ ಅಂತ ಹೇಳಿಲ್ವಲ್ಲ."

ನಾನು ಎದ್ದು ಬಂದೆ. ಮೆಟ್ಟಿಲು ಹತ್ತುವಾಗ ಆ ಮಾತು ನನ್ನ ಜೊತೆಗೇ ಹತ್ತಿತು. ಜೈಲಿಗೆ ಹಾಕುವುದಿಲ್ಲ, ಅಷ್ಟಕ್ಕೆ ಖುಷಿಪಡಿ; ಬಾಗಿಲು ಮಾತ್ರ ತೆರೆಯುವುದಿಲ್ಲ ಎಂದಂತೆ. ಇಪ್ಪತ್ತು ವರ್ಷ ಒಂದು ಮಾತನ್ನೂ ಕೇಳದ ನಾನು ಒಳಗೆ ಹೋಗಬಹುದು. ಕೈ ಎತ್ತಿದ ಗಂಗಾಧರಣ್ಣ ಬಂದರೆ ಅವನಿಗೂ ಪಾಸು ಸಿಗುತ್ತದೆ. ಮೌಳಿಯ ಮಾತ್ರೆಯ ಹೆಸರು, ಹೊತ್ತು, ಅದನ್ನು ನುಂಗುವಾಗ ಅವನು ಮುಖ ಕಿವಿಚುವ ರೀತಿ ಗೊತ್ತಿದ್ದವರು ಹೊರಗೆ.

ಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಕೆಳಗಿನ ಕ್ಯಾಂಟೀನಿಗೆ ಹೋಗಿದ್ದೆ. ನಮ್ಮೆಜಮಾನರಿಗೆ ಫೋನ್ ಮಾಡಿ, ಇಬ್ಬರಿಗೂ ಕಾಫಿ ಕಟ್ಟಿಸಿಕೊಂಡು ಬರುವುದಕ್ಕೆ ಹದಿನೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಒಬ್ಬ ನರ್ಸು ಗಾಜಿನ ಬಾಗಿಲು ತೆರೆದು, "ಚಂದ್ರಮೌಳಿ ಕಡೆಯೋರು ಯಾರು?" ಎಂದು ಕೂಗಿದಳಂತೆ.

"ನಾನು" ಎಂದು ಎದ್ದು ನಿಂತರು ಧರಣೇಂದ್ರ.

ಅವಳು ಕೈಯಲ್ಲಿದ್ದ ಪುಸ್ತಕ ನೋಡಿದಳು. "ಅವರ ಅಕ್ಕ ಎಲ್ಲಿ?"

"ಈಗ ಬರ್ತಾರೆ. ಏನಾಯ್ತು ಸಿಸ್ಟರ್?"

"ಅವರು ಬರ್ಲಿ, ಹೇಳ್ತೀನಿ" ಎಂದು ಬಾಗಿಲು ಹಾಕಿಕೊಂಡಳು.

ನಾನು ಬಂದಾಗ ಅವರು ಬೆಂಚಿನ ಮೇಲಿದ್ದರು. ಬಾಗಿಲು ತೆರೆಯಿತು, ಅವರು ಏಳಲಿಲ್ಲ. ನರ್ಸು ನನ್ನನ್ನು ಪಕ್ಕಕ್ಕೆ ಕರೆದು, ನನ್ನ ತಮ್ಮ ಹೋಗಿ ಕಾಲು ಗಂಟೆಯಾಯಿತು ಎಂದು ಮೆಲ್ಲಗೆ ಹೇಳಿದಳು. ಮೂರು ಹೆಜ್ಜೆಯಾಚೆ ಕೂತವರಿಗೆ ಕೇಳಿಸದಿರಲಿ ಎಂಬಂತೆ ಮೆಲ್ಲಗೆ. ಒಳಗೆ ಹೋಗಬಹುದಾದವಳು ಕೆಳಗೆ ಕಾಫಿ ಕಟ್ಟಿಸುತ್ತಿದ್ದಳು, ಅಲ್ಲೇ ಇದ್ದವರನ್ನು ಬಿಡಲಿಲ್ಲ, ನನ್ನ ತಮ್ಮ ಒಬ್ಬನೇ ಹೋದ. ಈ ಒಂದು ಸಂಗತಿಯನ್ನು ನಾನು ಇವತ್ತಿಗೂ ಯಾರಿಗೂ ಕ್ಷಮಿಸಿಲ್ಲ.

ಧರಣೇಂದ್ರರ ಹತ್ತಿರ ಹೋಗಿ ನಿಂತೆ. ಹೇಳುವುದು ಬೇಕಾಗಿರಲಿಲ್ಲ. ಅವರು ತಲೆಯೆತ್ತಿ, "ಅಕ್ಕಾ, ಎಷ್ಟೊತ್ತಾಯ್ತಂತೆ?" ಎಂದರು.

"ಕಾಲು ಗಂಟೆ."

"ಹಾಗಾದ್ರೆ ಸಾಯಂಕಾಲ ನಾಲ್ಕರ ತನಕ ಟೈಮಿದೆ. ಕಣ್ಣು ಕೊಡಬೇಕು ಅಂತ ಅವನ ಆಸೆ. ಆರು ಗಂಟೆ ಒಳಗೆ ತೆಗೀಬೇಕು. ಫೋನ್ ನಾನು ಮಾಡ್ತೀನಿ. ಆದ್ರೆ ಒಪ್ಪಿಗೆ ನೀವು ಕೊಡಬೇಕು. ನನ್ನದು ನಡೆಯಲ್ಲ."

ಅಷ್ಟು ದುಃಖದಲ್ಲೂ ಅವರಿಗೆ ಆ ಲೆಕ್ಕ ಸ್ಪಷ್ಟವಾಗಿತ್ತು. ಅಂಗಡಿಯ ಗೋಡೆಯ ಮೇಲೆ ಅವರು ವರ್ಷಗಟ್ಟಲೆ ನೇತ್ರದಾನದ ಚೀಟಿ ಅಂಟಿಸಿದ್ದವರು. ಅವರ ಮಾತಿಗೆ ಎಷ್ಟೋ ಮನೆಯವರು ಸತ್ತವರ ಕಣ್ಣು ಕೊಟ್ಟಿದ್ದರು. ಈಗ ಅವರ ಸ್ವಂತ ಮನೆಯಲ್ಲಿ ಅವರ ಮಾತು ಓಡುತ್ತಿರಲಿಲ್ಲ. ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಿದರು. ಆಮೇಲೆ ನರ್ಸನ್ನು ಕರೆದು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯಡಿ ದಿಂಬು ಕೊಡಿ, ಫ್ಯಾನು ಆರಿಸಿ ಎಂದು ಬಾಗಿಲಾಚೆಯಿಂದಲೇ ಒಂದೊಂದಾಗಿ ಹೇಳಿದರು. ಅವಳು ಹೇಳಿದ ಹಾಗೆಲ್ಲ ಮಾಡಿದಳು. ಒಳಗೆ ಬನ್ನಿ ಎನ್ನಲಿಲ್ಲ.

ನಾನು ಫೋನ್ ಮಾಡಿ ತಿಳಿಸಿದ್ದೆ; ಮಧ್ಯಾಹ್ನ ಎರಡು ಗಂಟೆಗೆ ಗಂಗಾಧರಣ್ಣ ಬಂದ. ಜೊತೆಗೆ ದೇಹವನ್ನು ಊರಿಗೆ ಒಯ್ಯುವ ವ್ಯಾನನ್ನೂ ಕರೆದುಕೊಂಡೇ ಬಂದಿದ್ದ. ಒಳಗೆ ಹೋಗಿ ನೋಡಿ ಬಂದು, ಕಣ್ಣು ಒರೆಸಿಕೊಂಡ. ಅದು ಸುಳ್ಳು ಕಣ್ಣೀರಲ್ಲ. ಅವನು ಮೌಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವನು. ಕಣ್ಣಿನ ಬ್ಯಾಂಕಿನಿಂದ ಆಗಷ್ಟೇ ಬಂದ ಯುವಕ ಸಣ್ಣದೊಂದು ಪೆಟ್ಟಿಗೆ ಹಿಡಿದು ಕಾಯುತ್ತಿದ್ದುದನ್ನು ನೋಡಿ, ಯಾರೆಂದು ಕೇಳಿದ. ನಾನು ಹೇಳಿದೆ.

"ಕಣ್ಣು ಕೀಳಿಸ್ಕೊಂಡು ಕಳಿಸೋದಾ ಅವನನ್ನ? ಯಾರು ಹೇಳಿದ್ದು?"

"ಮೌಳೀನೇ ಹೇಳಿದ್ನಂತೆ."

"ಯಾರಿಗೆ ಹೇಳಿದ್ದ?"

ನಾನು ಬೆಂಚಿನ ಕಡೆ ನೋಡಿದೆ. ಗಂಗಾಧರಣ್ಣನೂ ನೋಡಿದ. ಅವರ ಹೆಸರೆತ್ತಿ ಮಾತಾಡದೆ, ಬೆರಳು ಮಾತ್ರ ತೋರಿಸಿ, "ಅವನ್ಯಾರು ನಮ್ಮ ಮನೆ ವಿಷಯ ಹೇಳೋಕೆ? ನನ್ನ ತಮ್ಮನ್ನ ನಮ್ಮಿಂದ ಕಿತ್ಕೊಂಡಿದ್ದು ಸಾಲದಾ? ಬರೆದುಕೊಟ್ಟಿದ್ದು ಏನಾದ್ರೂ ಇದ್ರೆ ತೋರಿಸ್ಲಿ" ಎಂದ.

ಧರಣೇಂದ್ರ ಎದ್ದು ಬಂದರು. ಹೆಗಲ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಅದರೊಳಗೆ ನೇತ್ರದಾನದ ಕಾರ್ಡಿತ್ತು. ಮೌಳಿಯ ದುಂಡನೆಯ ಸಹಿ ಅದರ ಮೇಲಿತ್ತು. ಕಾರ್ಡನ್ನು ಇನ್ನೊಂದು ಕಾಗದಕ್ಕೆ ಗುಂಡುಸೂಜಿಯಿಂದ ಚುಚ್ಚಿದ್ದರು. ಅವರು ಸೂಜಿ ಬಿಡಿಸಿ ಕಾರ್ಡನ್ನಷ್ಟೇ ನನ್ನ ಕೈಗೆ ಕೊಟ್ಟು, ಆ ಕಾಗದವನ್ನು ಮಡಿಸಿ ಒಳಗಿಡಲು ಹೋದರು. ಆದರೆ ನಾನು ಅಷ್ಟರಲ್ಲಿ ಅದನ್ನು ಗುರುತಿಸಿದ್ದೆ.

ಮೊದಲನೆಯ ಸಲ ಎಂದೆನಲ್ಲ, ಅದು ಮೌಳಿ ಸಾಯುವುದಕ್ಕೆ ಮೂರು ವರ್ಷದ ಹಿಂದೆ. ಮೌಳಿ ಒಂದು ಭಾನುವಾರ ಹೇಳದೆ ಕೇಳದೆ ನಮ್ಮ ಮನೆಗೆ ಬಂದಿದ್ದ. ಕಿಟಕಿಯಿಂದ ನೋಡಿದರೆ ರಸ್ತೆಯಾಚೆ ಹೊಂಗೆಮರದ ಕೆಳಗೆ ಒಬ್ಬರು ನಿಂತಿದ್ದರು. ಅವರನ್ನು ಒಳಗೆ ಕರೆ ಎಂದು ನಾನು ಹೇಳಲಿಲ್ಲ. ಮೌಳಿ ಇದೇ ಕಾಗದವನ್ನು ನನ್ನ ಮುಂದಿಟ್ಟ. ತನಗೆ ಪ್ರಜ್ಞೆ ತಪ್ಪಿದರೆ ತನ್ನ ಪರವಾಗಿ ಧರಣೇಂದ್ರ ನಿರ್ಧರಿಸಬೇಕು, ತಾನು ಸತ್ತರೆ ದೇಹ ಅವರ ಸುಪರ್ದಿಗೆ ಹೋಗಬೇಕು, ಮನೆ ಅವರಿಗೆ ಸೇರಬೇಕು ಎಂದು ಟೈಪು ಮಾಡಿಸಿದ್ದ.

"ಯಾರ ಸಾಕ್ಷಿ ಇದ್ರೂ ಆಗುತ್ತೆ ಅಕ್ಕ. ಆದ್ರೆ ಮನೆಯೋರು ಒಬ್ರು ಹಾಕಿದ್ರೆ ನಾಳೆ ಯಾರೂ ತಕರಾರು ಮಾಡಲ್ಲ ಅಂದ್ರು ವಕೀಲರು. ಅಣ್ಣನ್ನ ಕೇಳಕ್ಕಾಗಲ್ಲ. ನೀನು ಹಾಕ್ತೀಯಾ?"

ಆಗ ನನ್ನ ಮಗಳು ಮೇದಿನಿಯ ಮದುವೆಯ ಮಾತುಕತೆ ನಡೆಯುತ್ತಿತ್ತು. ಗಂಡಿನ ಕಡೆಯವರು ದೊಡ್ಡ ಮನೆತನದವರು. ನಾನು ಕಾಗದವನ್ನು ಅವನ ಕಡೆಗೆ ಸರಿಸಿ, "ಈಗ ಬೇಡ ಮೌಳಿ. ಮೇದಿನಿ ಮದುವೆ ಒಂದು ಮುಗೀಲಿ. ನಮ್ಮೆಜಮಾನ್ರನ್ನೂ ಕೇಳ್ಬೇಕು" ಎಂದಿದ್ದೆ. ಅವನು ಒತ್ತಾಯ ಮಾಡಲಿಲ್ಲ. ಕಾಫಿ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದ. ಮದುವೆ ಮುಗಿಯಿತು. ನಾನು ಹೆದರಿದ್ದ ಆ ಬೀಗರು ಮೌಳಿಯ ಬಗ್ಗೆ ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ. ನಾನೂ ಆ ಕಾಗದದ ಮಾತೆತ್ತಲಿಲ್ಲ.

"ಅದನ್ನೂ ಕೊಡಿ" ಎಂದೆ ಧರಣೇಂದ್ರರಿಗೆ.

"ಬೇಡ ಅಕ್ಕ. ಅದು ಈಗ ಉಪಯೋಗಕ್ಕಿಲ್ಲ. ಅವನೂ ಸಹಿ ಮಾಡಿಲ್ಲ. ನಿಮ್ಮನೆಯಿಂದ ವಾಪಸು ಹೋದ್ಮೇಲೆ, ಅಕ್ಕನೇ ಒಪ್ಪದ ಕಾಗದ ಯಾಕೆ ಅಂತ ಎತ್ತಿಟ್ಬಿಟ್ಟ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

ನಾನು ಅವರ ಕೈಯಿಂದಲೇ ಅದನ್ನು ಬಿಡಿಸಿ ನೋಡಿದೆ. ಕೆಳಗೆ ಮೌಳಿಯ ಹೆಸರು, ಅದರ ಮೇಲೆ ಖಾಲಿ. ಪಕ್ಕದಲ್ಲಿ ನನ್ನ ಹೆಸರು, 'ಸಹೋದರಿ' ಎಂದು ಕಂಸದಲ್ಲಿ, ಅದರ ಮೇಲೂ ಖಾಲಿ. ಆಸ್ಪತ್ರೆಯವರ ಮೇಲೆ, ಆ ಅಧಿಕಾರಿಯ ಮೇಲೆ, ಕಾನೂನಿನ ಮೇಲೆ ಮೂರು ದಿನ ಕುದಿದಿದ್ದೆನಲ್ಲ, ಆ ಸಿಟ್ಟು ಇಳಿಯಲಿಲ್ಲ. ಅದರಲ್ಲಿ ಅರ್ಧ ನನ್ನ ಕಡೆಗೆ ತಿರುಗಿತು. ಕಾನೂನು ಅವರಿಗೆ ಬಾಗಿಲು ಹಾಕಿತ್ತು. ಅದಕ್ಕೆ ಅಗುಳಿ ಹಾಕಿದವಳು ನಾನು. ಮೂರು ದಿನ ಅವರು ನನ್ನ ಪಕ್ಕದಲ್ಲಿ ಕೂತಿದ್ದರು, ನನಗೆ ಅನ್ನ ತಂದುಕೊಟ್ಟಿದ್ದರು, ಒಂದು ಸಲವೂ ಇದರ ಮಾತೆತ್ತಿರಲಿಲ್ಲ.

ಕಣ್ಣಿನ ಬ್ಯಾಂಕಿನ ಯುವಕ ಗಡಿಯಾರ ನೋಡಿಕೊಂಡ. ಎರಡೂವರೆಯಾಗಿತ್ತು.

"ಫಾರಂ ಕೊಡಪ್ಪ" ಎಂದೆ.

"ನಾನು ಹಿರಿಯ ಇದೀನಿ ಇಲ್ಲಿ" ಎಂದ ಗಂಗಾಧರಣ್ಣ. "ನಾನು ಒಪ್ಪಲ್ಲ. ನೀನು ಸಹಿ ಹಾಕಿದ್ರೆ ನನ್ನ ಮನೆ ಬಾಗಿಲಿಗೆ ಬರಬೇಡ."

ನಾನು ಆ ಯುವಕನನ್ನು ಕೇಳಿದೆ. "ಅಕ್ಕ ಆದ್ರೆ ಸಾಕಾ?"

"ಹತ್ತಿರದ ಸಂಬಂಧಿ ಒಬ್ರು ಸಾಕಮ್ಮ. ಇಬ್ರು ಸಾಕ್ಷಿ ಬೇಕು."

ನಾನು ಸಹಿ ಹಾಕಿದೆ. ಸಾಕ್ಷಿಗಳ ಜಾಗದಲ್ಲಿ ಮೊದಲನೆಯದಕ್ಕೆ ಆ ನರ್ಸು ತಾನೇ ಮುಂದೆ ಬಂದು ಹೆಸರು ಬರೆದಳು. ಎರಡನೆಯದಕ್ಕೆ ಪೆನ್ನನ್ನು ಧರಣೇಂದ್ರರಿಗೆ ಕೊಟ್ಟೆ. ಸಾಕ್ಷಿ ಯಾರು ಬೇಕಾದರೂ ಆಗಬಹುದಿತ್ತು, ದಾರಿಹೋಕರೂ ಆಗಬಹುದಿತ್ತು. ಇಪ್ಪತ್ಮೂರು ವರ್ಷಕ್ಕೆ ಆ ಆಸ್ಪತ್ರೆಯ ಕಾಗದಗಳಲ್ಲಿ ಅವರಿಗೆ ಸಿಕ್ಕಿದ್ದು ಆ ಒಂದು ಗೆರೆ. ಅವರು ಅದರ ಮೇಲೆ ತಮ್ಮ ಪೂರ್ತಿ ಹೆಸರನ್ನು, ತಂದೆಯ ಹೆಸರನ್ನು, ವಿಳಾಸವನ್ನು ನಿಧಾನವಾಗಿ ಬರೆದರು. ವಿಳಾಸವನ್ನು ನಾನು ಓದಿದೆ. ಮೌಳಿಯ ವಿಳಾಸವೂ ಅದೇ.

ನರ್ಸು ಗಾಜಿನ ಬಾಗಿಲನ್ನು ಹಿಡಿದು ನಿಂತಳು. "ನೀವೂ ಬನ್ನಿ ಸರ್. ಈಗ ಯಾರೂ ಕೇಳಲ್ಲ" ಎಂದಳು. ಬದುಕಿದ್ದಾಗ ಬಿಡದ ಬಾಗಿಲೊಳಗೆ ಅವರು ಹೋದರು. ಜೇಬಿನಿಂದ ಕನ್ನಡಕ ತೆಗೆದು ಮೌಳಿಯ ಕೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದರು. ಯುವಕನ ಕೆಲಸಕ್ಕೆ ಇಪ್ಪತ್ತು ನಿಮಿಷ ಸಾಕಾಯಿತು. ರೆಪ್ಪೆ ಮುಚ್ಚಿದ ಮೇಲೆ ಮುಖ ಮೊದಲಿನ ಹಾಗೇ ಇತ್ತು. ಗಂಗಾಧರಣ್ಣನಿಗೆ ಬಂದು ನೋಡು ಎಂದೆ. ಅವನು ಬರಲಿಲ್ಲ.

ದೇಹದ ವಿಷಯದಲ್ಲಿ ನಾನು ಸೋತೆ. ಹಿರಿಯ ಸಹೋದರ ಎಂದು ಅವನ ಹೆಸರಿಗೇ ದೇಹವನ್ನು ಒಪ್ಪಿಸಿದರು. ನಾನು ಜಗಳವಾಡಿದೆ, ಅಧಿಕಾರಿಯ ಮೇಜಿನ ಮೇಲೆ ಕೈ ಬಡಿದೆ, ಜನ ಸೇರಿದರು. ವ್ಯಾನಿನಲ್ಲಿ ಧರಣೇಂದ್ರರೂ ಬರಲಿ ಎಂದೆ. "ಅವನು ಹತ್ತಿದ್ರೆ ನಾನು ಇಳೀತೀನಿ, ದಾರೀಲೇ ನಿಲ್ಲಿಸ್ತೀನಿ" ಎಂದ ಗಂಗಾಧರಣ್ಣ. ಧರಣೇಂದ್ರರೇ ನನ್ನ ತೋಳು ಹಿಡಿದು ತಡೆದರು.

"ಬಿಡಿ ಅಕ್ಕ. ಅವನ ಹೆಣದ ಮುಂದೆ ಕಿತ್ತಾಟ ಬೇಡ. ನೀವು ಹೋಗಿ. ಒಬ್ಬರಾದ್ರೂ ಅವನ ಜೊತೆಗಿರಿ."

ನಾನು ಹೋದೆ. ಊರಿನಲ್ಲಿ ಬಂದವರೆಲ್ಲ ಪಾಪ, ಸಂಸಾರ ಕಟ್ಟಿಕೊಳ್ಳದೆ ಒಂಟಿಯಾಗಿ ಹೋದ ಎಂದರು. ಮೊದಲ ಇಬ್ಬರಿಗೆ ನಾನು ಸುಮ್ಮನಿದ್ದೆ. ಮೂರನೆಯವರು ಹೇಳಿದಾಗ, "ಒಂಟಿಯಾಗಿರಲಿಲ್ಲ. ಸಂಸಾರ ಇತ್ತು. ಅವರನ್ನ ನಾವು ಕರ್ಕೊಂಡು ಬರಲಿಲ್ಲ" ಎಂದೆ. ಅಂಗಳದಲ್ಲಿ ಎಲ್ಲರೂ ತಿರುಗಿ ನೋಡಿದರು. ಗಂಗಾಧರಣ್ಣನ ಮನೆಯ ಹೊಸ್ತಿಲನ್ನು ನಾನು ಆಮೇಲೆ ತುಳಿದಿಲ್ಲ.

ಮುಂದಿನದು ಕಚೇರಿಗಳ ಕತೆ. ಮೌಳಿಯ ನಿವೇಶನ ಶಿಕ್ಷಕರ ಬಡಾವಣೆಯದು. ಅದಕ್ಕೇ ಅವನ ಹೆಸರಿನಲ್ಲಿತ್ತು. ಗೋಡೆಗಳನ್ನು ಎಬ್ಬಿಸಿದ್ದು ಧರಣೇಂದ್ರ. ಆದರೆ ಅಪ್ಪ ಅಮ್ಮ ಆಗಲೇ ತೀರಿಹೋಗಿದ್ದರಿಂದ ಕಾಗದದ ಪ್ರಕಾರ ಅದಕ್ಕೆ ವಾರಸುದಾರರು ಅಣ್ಣ ಮತ್ತು ಅಕ್ಕ. ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರಕ್ಕೆಂದು ನಾಡಕಚೇರಿಗೆ ಹೋದಾಗ ನಾನು ಧರಣೇಂದ್ರರನ್ನೂ ಕರೆದುಕೊಂಡು ಹೋದೆ. ಗುಮಾಸ್ತ ನನ್ನ ಹೆಸರು ಬರೆದುಕೊಂಡು, ಅವರ ಕಡೆ ನೋಡಿ, "ಇವರು ಏನಾಗಬೇಕು?" ಎಂದ.

"ನೀವು ಕೇಳ್ತಿರೋದು ಬದುಕಿರೋ ಕುಟುಂಬದೋರನ್ನ ತಾನೆ? ಇವರು ಬದುಕಿದಾರೆ. ಇವರೇ ಕುಟುಂಬ. ಬರ್ಕೊಳ್ಳಿ."

"ಅಮ್ಮಾ, ಇದರಲ್ಲಿ ಗಂಡ, ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ಇಷ್ಟೇ ಬರೋದು."

"ಕೆಳಗೆ ಇತರೆ ಅಂತ ಇದೆಯಲ್ಲ."

"ಇತರೆ ಅಂದ್ರೆ ದತ್ತು ಮಕ್ಕಳು" ಎಂದು ಅವನು ಪಾಪ ಎನ್ನುವ ಹಾಗೆ ನಕ್ಕ.

ನಾನು ತಹಶೀಲ್ದಾರರಿಗೆ ಬರೆದೆ, ಜಿಲ್ಲಾಧಿಕಾರಿಗೆ ಬರೆದೆ, ಸರ್ಕಾರದ ಕಾರ್ಯದರ್ಶಿಗೆ ಬರೆದೆ. ಎಲ್ಲ ಕಡೆಯಿಂದಲೂ ಒಂದೇ ವಾಕ್ಯ ಬಂತು: 'ಪ್ರಸ್ತುತ ನಿಯಮಗಳಲ್ಲಿ ಅವಕಾಶವಿರುವುದಿಲ್ಲ.' ಅಂಚೆ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ನಾನೂ ಅದೇ ವಾಕ್ಯವನ್ನು ಎಷ್ಟೋ ಜನರಿಗೆ ಹೇಳಿದ್ದೆ. ಹೇಳುವಾಗ ಅದು ಎಷ್ಟು ಹಗುರ ಎಂದು ನನಗೆ ಗೊತ್ತು. ಅವಕಾಶವನ್ನು ಬರೆಯಬೇಕಾದವರು ಯಾರು, ಅದನ್ನು ಬರೆಯದೆ ಇರುವುದಕ್ಕೆ ಕಾರಣವೇನು ಎಂದು ಕೇಳಿ ಮತ್ತೆ ಬರೆದೆ. ಉತ್ತರ ಬಂದಿಲ್ಲ. ಧರಣೇಂದ್ರರಂಥ ಇನ್ನೂ ಒಂಬತ್ತು ಜೋಡಿಗಳು ಈಗ ಆ ಅರ್ಜಿಗೆ ಸಹಿ ಹಾಕಿವೆ. ಅವರಲ್ಲಿ ಇಬ್ಬರು ಹೆಂಗಸರು, ನಲವತ್ತು ವರ್ಷದಿಂದ ಜೊತೆಗಿರುವವರು, ಹೆಸರು ಬರೆಯುವಾಗ ಒಬ್ಬರ ಕೈಯನ್ನೊಬ್ಬರು ಬಿಟ್ಟಿರಲಿಲ್ಲ.

ಮನೆಯನ್ನು ಮಾರಬೇಕೆಂದು ಗಂಗಾಧರಣ್ಣ ವಕೀಲರ ಮೂಲಕ ಕಾಗದ ಕಳಿಸಿದ. ಅದಕ್ಕೆ ನನ್ನ ಸಹಿಯೂ ಬೇಕು. ಹಾಕುವುದಿಲ್ಲ ಎಂದು ತಿಳಿಸಿದೆ. ನನ್ನ ಪಾಲನ್ನು ಧರಣೇಂದ್ರರ ಹೆಸರಿಗೆ ನೋಂದಣಿ ಮಾಡಿಸಿದೆ. ನಮ್ಮೆಜಮಾನರು ಮೊದಲು ಮುಖ ತಿರುಗಿಸಿದರು, ನೋಂದಣಿಯ ದಿನ ಬಂದು ಸಾಕ್ಷಿ ಹಾಕಿದರು. ಉಳಿದ ಅರ್ಧಕ್ಕೆ ದಾವೆ ನಡೆಯುತ್ತಲೇ ಇದೆ. ಯಾವಾಗ ತೀರ್ಮಾನವಾಗುತ್ತದೋ, ಹೇಗಾಗುತ್ತದೋ ತಿಳಿಯದು.

ಮೊನ್ನೆ ಬೇಸಿಗೆಯಲ್ಲಿ ಹೋಗಿದ್ದೆ. ಧರಣೇಂದ್ರ ಪಡಸಾಲೆಗೆ ಸುಣ್ಣ ಹೊಡೆಯುತ್ತಿದ್ದರು. ಆಳು ಕರೆಸಬಾರದಿತ್ತೇ ಎಂದರೆ, ಪ್ರತಿ ವರ್ಷ ನಾವೇ ಹೊಡೆಯುವುದು ಎಂದರು. ನಾವೇ ಎಂದದ್ದನ್ನು ಅವರೂ ಗಮನಿಸಲಿಲ್ಲ, ನಾನೂ ತಿದ್ದಲಿಲ್ಲ. ಬಿದಿರಿನ ಏಣಿ ಹಳೆಯದು, ನೆಲ ನುಣುಪು. ಸೆರಗು ಸಿಕ್ಕಿಸಿ ಹೋಗಿ ಏಣಿಯ ಬುಡದಲ್ಲಿ ನಿಂತು, ಎರಡೂ ಕಾಲುಗಳನ್ನು ಒತ್ತಿ ಹಿಡಿದೆ. ಅವರು ಕೊನೆಯ ಮೆಟ್ಟಿಲಿಗೆ ಹೋಗಿ ಮೂಲೆಗೆ ಕೈ ಚಾಚಿದರು. ಸುಣ್ಣದ ಹನಿಗಳು ನನ್ನ ತಲೆಯ ಮೇಲೆ, ಕೈಗಳ ಮೇಲೆ ಬಿದ್ದವು.

"ಹಿಡ್ಕೊಂಡಿದೀರಾ ಅಕ್ಕ?" ಎಂದು ಮೇಲಿನಿಂದ ಕೇಳಿದರು.

"ಹಿಡ್ಕೊಂಡಿದೀನಿ" ಎಂದೆ.